ಹರವಿಯೂ ಗಣಕಯಂತ್ರವೂ

ವೈಶಾಖವು ಕಾಲಿಡುತ್ತಲೇ ಬಯಲುಸೀಮೆಯ ಮನೆಗಳಲ್ಲಿ ಒಂದು ಹಳೆಯ ಪದಾರ್ಥಕ್ಕೆ ಹೊಸ ಮರ್ಯಾದೆಯು ದೊರೆಯುವುದು. ಗಾಳಿಯಾಡುವ ಮೂಲೆಯೊಂದರಲ್ಲಿ ಒದ್ದೆ ಮರಳನ್ನು ಹರಡಿ, ಅದರ ಮೇಲೆ ಮಣ್ಣಿನ ಹರವಿಯನ್ನು ಕುಳ್ಳಿರಿಸಿ, ಬಾಯಿಗೆ ತೆಳುವಾದ ಬಟ್ಟೆಯನ್ನು ಕಟ್ಟಿದರೆಂದರೆ ಬೇಸಗೆಗೆ ಮನೆಯು ಸಿದ್ಧವಾದಂತೆಯೇ. ಹೊಸ ಹರವಿಯ ಮೈ ಬೆವರುವುದು. ಒಳಗಿನ ನೀರು ತಂಪಾಗಿರುವುದು. ಕಾಲಕ್ರಮದಲ್ಲಿ ಮಣ್ಣಿನ ಸೂಕ್ಷ್ಮರಂಧ್ರಗಳು ಮುಚ್ಚಿಹೋಗಿ ಬೆವರುವುದು ನಿಂತರೆ, ಹರವಿ ಹಳೆಯದಾಯಿತೆಂದು ಗೃಹಿಣಿಯರು ಬೇರೊಂದನ್ನು ತರಿಸುವರು. ಬೆವರಿಗೂ ತಂಪಿಗೂ ಇರುವ ಈ ಕಾರ್ಯಕಾರಣಸಂಬಂಧವನ್ನು ಅವರು ಯಾವ ಶಾಲೆಯಲ್ಲಿಯೂ ಕಲಿತವರಲ್ಲ. ಇನ್ನೊಂದು ಸಂಗತಿಯನ್ನೂ ಅವರು ಬಲ್ಲರು. ಯಾರೂ ಒಂದು ಲೋಟವನ್ನು ಅದ್ದದಿದ್ದರೂ ಸಂಜೆಯ ವೇಳೆಗೆ ಹರವಿಯ ನೀರು ಸ್ವಲ್ಪ ಇಳಿದಿರುವುದು. ಹಗಲಿನಲ್ಲಿ ಉಣ್ಣದ ದೇವದತ್ತನು ದಪ್ಪಗಿದ್ದರೆ ಅವನು ರಾತ್ರಿ ಉಣ್ಣುತ್ತಿರಬೇಕೆಂದು ಮೀಮಾಂಸಕರು ಅರ್ಥಾಪತ್ತಿಯಿಂದ ಊಹಿಸುವರಷ್ಟೆ. ಅದರಂತೆಯೇ ಯಾರೂ ಕುಡಿಯದ ನೀರು ಇಳಿದಿದ್ದರೆ ಅದು ಕಾಣದ ದಾರಿಯಿಂದ ಹೊರಟುಹೋಗಿರಬೇಕು. ಹೀಗೆ ಹೊರಟುಹೋದ ನೀರೇ ಉಳಿದ ನೀರಿನ ತಂಪಿಗೆ ತೆತ್ತ ಬೆಲೆ.

ಕ್ರಿ. ಶ. 2000ದ ಆಸುಪಾಸಿನಲ್ಲಿ ಅಮೆರಿಕ, ಯೂರೋಪು ಮೊದಲಾದ ದೇಶಗಳ ಕೆಲವು ತರುಣರು ತಮ್ಮ ಮನೆಯ ಗಣಕಯಂತ್ರವನ್ನು, ಎಂದರೆ ಕಂಪ್ಯೂಟರನ್ನು, ತಂಪಾಗಿಡಲು ಒಂದು ಬಕೆಟ್ಟು, ಒಂದು ಪಂಪು, ಒಂದಾಳುದ್ದದ ಕೊಳವೆ, ಒಂದು ಬೀಸಣಿಗೆ ಇಷ್ಟರಿಂದ ಒಂದು ಸಾಧನವನ್ನು ಕಟ್ಟಿಕೊಂಡರು. ಅದರ ತತ್ತ್ವವು ಹರವಿಯ ತತ್ತ್ವವೇ ಹೊರತು ಬೇರೆಯಲ್ಲ. ಮಣ್ಣಿನ ಪಾತ್ರೆಯಿಂದ ಈ ಕೊಳವೆಯವರೆಗೆ ಬಂದ ದಾರಿಯು ದೀರ್ಘವಾದುದು. ಆ ದಾರಿಯುದ್ದಕ್ಕೂ ತಂಪನ್ನು ಅನುಭವಿಸಿದವರು ಯಾರು, ಅದಕ್ಕೆ ನೀರನ್ನು ತೆತ್ತವರು ಯಾರು ಎಂಬುದನ್ನು ನೋಡುವುದು ಈ ಲೇಖನದ ಉದ್ದೇಶ.

1

ಭಾರತೀಯ ಗ್ರಂಥಗಳಲ್ಲಿ ಈ ವಿಷಯವು ಸ್ಪಷ್ಟವಾಗಿ ಬಂದಿರುವುದು ಸುಶ್ರುತಸಂಹಿತೆಯಲ್ಲಿ. ಸೂತ್ರಸ್ಥಾನದ ನಲವತ್ತೈದನೆಯ ಅಧ್ಯಾಯವು ದ್ರವದ್ರವ್ಯಗಳನ್ನು ವಿಚಾರಮಾಡುವಾಗ ನೀರನ್ನು ತಂಪುಮಾಡುವ ಏಳು ಉಪಾಯಗಳನ್ನು ಎಣಿಸುವುದು. ಗಾಳಿ ಬೀಸುವ ಕಡೆ ಇಡುವುದು, ನೀರನ್ನು ಚೆಲ್ಲುವುದು, ಕೋಲಿನಿಂದ ಕದಡುವುದು, ಬೀಸಣಿಗೆಯಿಂದ ಬೀಸುವುದು, ಬಟ್ಟೆಯಿಂದ ಸೋಸಿ ಎತ್ತುವುದು, ಮರಳಿನ ಸಂಪರ್ಕದಲ್ಲಿಡುವುದು, ಶಿಕ್ಯದಲ್ಲಿ ಎಂದರೆ ನೆಲುವಿನಲ್ಲಿ ತೂಗುಹಾಕುವುದು ಇವೇ ಆ ಏಳು. ಮೇಲುನೋಟಕ್ಕೆ ಇವು ಬೇರೆಬೇರೆಯಾಗಿ ಕಂಡರೂ ಬಹುಮಟ್ಟಿಗೆ ಎಲ್ಲದರ ಫಲವೂ ಒಂದೇ: ನೀರಿನ ಹೆಚ್ಚು ಮೈಯನ್ನು ಗಾಳಿಗೆ ಒಡ್ಡುವುದು, ಅಥವಾ ಹೆಚ್ಚು ಗಾಳಿಯನ್ನು ನೀರಿನ ಮೈಗೆ ತರುವುದು. ನೆಲುವಿನಲ್ಲಿ ತೂಗುವ ಗಡಿಗೆಗೆ ಕೆಳಗಿನಿಂದಲೂ ಗಾಳಿ ತಗಲುವುದು. ಕದಡಿದ ನೀರಿನಲ್ಲಿ ಬಿಸಿಯಾದ ಪದರವು ಒಂದೇ ಕಡೆ ನಿಲ್ಲದು. ಇಂದಿನ ದೊಡ್ಡ ಯಂತ್ರಶಾಲೆಯ ತಂಪುಗೋಪುರದಲ್ಲಿ ನೀರನ್ನು ಎರಚುವರು, ಬೀಸಣಿಗೆಯಿಂದ ಬೀಸುವರು, ಎತ್ತರದಿಂದ ಬೀಳಿಸುವರು. ಸುಶ್ರುತನ ಪಟ್ಟಿಯನ್ನು ಕಂಠಪಾಠ ಮಾಡಿದವನಿಗೆ ಅಲ್ಲಿ ಹೊಸದಾಗಿ ಕಾಣುವುದು ಅಳತೆಯೊಂದೇ.

ಆದರೆ ಉಪಾಯವು ತಿಳಿದಿದ್ದ ಮಾತ್ರಕ್ಕೆ ಕಾರಣವು ತಿಳಿದಿತ್ತೆಂದು ಹೇಳಲಾಗದು. ತಾರ್ಕಿಕರು ಶೀತಸ್ಪರ್ಶವನ್ನೇ ನೀರಿನ ಲಕ್ಷಣವೆಂದು ಇಟ್ಟುಕೊಂಡರು. ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದ ಬಾಲಕನೂ ಇದನ್ನು ಬಲ್ಲನು. ನೀರಿನ ಬಿಸಿಯು ಅಗ್ನಿಸಂಯೋಗದಿಂದ ಬಂದುದು, ತಂಪು ಅದರ ಸ್ವಭಾವ ಎಂಬುದು ಅವರ ನಿಲುವು. ಅನುಭವಕ್ಕೆ ಇದು ಒಪ್ಪುವ ಮಾತೇ. ಆದರೆ ಹಿತ್ತಾಳೆಯ ಬಿಂದಿಗೆಯ ಮುಚ್ಚಳವನ್ನು ಭದ್ರವಾಗಿ ಮುಚ್ಚಿ ಹರವಿಯ ಪಕ್ಕದಲ್ಲಿಟ್ಟರೆ ಎರಡರ ನೀರೂ ಒಂದೇ ಬಾವಿಯದಾದರೂ ಒಂದು ಬೆಚ್ಚಗಿರುವುದು, ಇನ್ನೊಂದು ತಂಪಾಗಿರುವುದು. ಆದುದರಿಂದ ತಂಪು ನೀರಿನ ಸ್ವಭಾವದಲ್ಲಿಲ್ಲ, ನೀರಿನ ನಿರ್ಗಮನದಲ್ಲಿದೆ. ಈ ಸೂಕ್ಷ್ಮವನ್ನು ಪ್ರಯೋಗದಿಂದ ನಿಶ್ಚಯಿಸಲು ಹದಿನೆಂಟನೆಯ ಶತಮಾನವು ಬರಬೇಕಾಯಿತು.

2

ಅದಕ್ಕೆ ಮುಂಚಿನ ಕಾಲದಲ್ಲಿ ಈ ಉಪಾಯವು ಮನೆಯ ಮೂಲೆಯಿಂದ ಅರಮನೆಗೆ ಏರಿದುದನ್ನು ಕಾಣಬಹುದು. ಅಕ್ಬರನ ಆಳ್ವಿಕೆಯ ವೃತ್ತಾಂತವನ್ನು ಬರೆದ ಅಬುಲ್ ಫಜಲನು, ಲಾವಂಚದ ಬೇರಿನಿಂದ ಜಾಲಂದರದಂತಹ ಮನೆಗಳನ್ನು ಕಟ್ಟಿಸುವುದು ಬಾದಶಹನ ಆಜ್ಞೆಯಿಂದ ರೂಢಿಗೆ ಬಂದಿತೆಂದೂ, ಅದರ ಮೇಲೆ ನೀರನ್ನು ಎರಚಿದರೆ ಬೇಸಗೆಯ ನಡುವೆಯೇ ಚಳಿಗಾಲವು ತಲೆದೋರುವಂತಾಗುವುದೆಂದೂ ಹೇಳಿರುವನು. ಲಾವಂಚದ ತಟ್ಟಿಯ ಒಂದೊಂದು ಎಳೆಯೂ ನೀರನ್ನು ಹಿಡಿದು ನಿಲ್ಲಿಸುವುದು. ಬಿಸಿಗಾಳಿಯು ಆ ಎಳೆಗಳ ನಡುವೆ ನುಸುಳಿ ಬರುವಾಗ ನೀರನ್ನು ಆವಿಯಾಗಿಸಿ ತಾನು ತಣಿಯುವುದು. ಜೊತೆಗೆ ಪರಿಮಳವನ್ನೂ ತರುವುದು.

ಇಂಗ್ಲಿಷರು ಉತ್ತರ ಹಿಂದೂಸ್ಥಾನದಲ್ಲಿ ನೆಲೆಸಿದ ಮೇಲೆ ಈ ತಟ್ಟಿಗಳು ಅವರ ಬಂಗಲೆಗಳ ಬಾಗಿಲುಗಳಿಗೂ ಬಂದುವು. ಗಾಳಿಯು ಬೀಸದ ದಿನಗಳಲ್ಲಿ ತಟ್ಟಿಯು ನಿಷ್ಪ್ರಯೋಜಕವಾದುದರಿಂದ, ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ 'ಥರ್ಮಾಂಟಿಡೋಟ್' ಎಂಬ ಯಂತ್ರವು ಬಳಕೆಗೆ ಬಂದಿತು. ಅದು ಒಂದು ದೊಡ್ಡ ಮರದ ಪೆಟ್ಟಿಗೆ. ಪಕ್ಕಗಳಲ್ಲಿ ಲಾವಂಚದ ತಟ್ಟಿ, ಮೇಲಿನಿಂದ ತೊಟ್ಟಿಕ್ಕುವ ನೀರು, ಒಳಗೆ ಕೈಯಿಂದ ತಿರುಗಿಸುವ ರೆಕ್ಕೆಯ ಚಕ್ರ. ಅಲಹಾಬಾದಿನಲ್ಲಿ ಬಹುಕಾಲ ಇದ್ದ ಫ್ಯಾನಿ ಪಾರ್ಕ್ಸ್ ಎಂಬ ಮಹಿಳೆಯು 1850ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಇದನ್ನು ವರ್ಣಿಸಿರುವಳು. ಇಂದು ಅಂಗಡಿಗಳಲ್ಲಿ ಮಾರುವ ಕೂಲರಿನ ಅಂಗಾಂಗಗಳೆಲ್ಲವೂ ಅದರಲ್ಲಿದ್ದುವು; ವಿದ್ಯುತ್ತಿನ ಮೋಟಾರಿನ ಸ್ಥಾನದಲ್ಲಿ ಮಾತ್ರ ಮನುಷ್ಯನಿದ್ದನು. ಒಳಗಿನ ಕೊಠಡಿಯು ತಂಪಾಗಿರಬೇಕಾದರೆ ಹೊರಗಿನ ಉರಿಬಿಸಿಲಿನಲ್ಲಿ ಒಬ್ಬನು ಚಕ್ರವನ್ನು ತಿರುಗಿಸಬೇಕು, ಚರ್ಮದ ಚೀಲವನ್ನು ಹೊತ್ತ ಭಿಸ್ತಿಯು ಬಾವಿಯಿಂದ ನೀರನ್ನು ತಂದು ಎರಚುತ್ತಲೇ ಇರಬೇಕು. ತಂಪಿನ ಲೆಕ್ಕದಲ್ಲಿ ಇವರ ಹೆಸರು ಬರಲಿಲ್ಲ.

ಇದೇ ಪ್ರಾಂತದಲ್ಲಿ ಇನ್ನೊಂದು ಆಶ್ಚರ್ಯವೂ ನಡೆಯುತ್ತಿತ್ತು. ಸರ್ ರಾಬರ್ಟ್ ಬಾರ್ಕರನು 1775ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಲಹಾಬಾದಿನ ಕಡೆಯ ಮಂಜುಗಡ್ಡೆಯ ತಯಾರಿಕೆಯನ್ನು ಕುರಿತು ಬರೆದನು. ಸುಮಾರು 30 ಅಡಿ ಚೌಕದ, 2 ಅಡಿ ಆಳದ ಹಳ್ಳಗಳನ್ನು ತೋಡಿ, ಒಣಗಿದ ಕಬ್ಬಿನ ಇಲ್ಲವೆ ಜೋಳದ ದಂಟುಗಳನ್ನು ಹಾಸಿ, ಅವುಗಳ ಮೇಲೆ ಮೆರುಗಿಲ್ಲದ ತೆಳುವಾದ ಮಣ್ಣಿನ ತಟ್ಟೆಗಳನ್ನು ಸಾಲಾಗಿಟ್ಟು, ಕಾಯಿಸಿ ಆರಿಸಿದ ನೀರನ್ನು ತುಂಬುತ್ತಿದ್ದರು. ಚಳಿಗಾಲದ ನಿರ್ಮಲವಾದ ರಾತ್ರಿಗಳಲ್ಲಿ ಹೆಪ್ಪುಗಟ್ಟಿದ ಮಂಜನ್ನು ಸೂರ್ಯೋದಯಕ್ಕೆ ಮೊದಲೇ ಸಂಗ್ರಹಿಸುತ್ತಿದ್ದರು. ಇಲ್ಲಿ ಬಾಷ್ಪೀಭವನವು ಒಂದು ಪಾಲು ಮಾತ್ರ. ಮೋಡವಿಲ್ಲದ ಆಕಾಶದ ಕಡೆಗೆ ನೀರು ತನ್ನ ಶಾಖವನ್ನು ಸೂಸಿಬಿಡುವುದು ಮುಖ್ಯ ಕಾರಣವೆಂದು ಇಬ್ಬನಿಯನ್ನು ಕುರಿತು 1814ರಲ್ಲಿ ಪ್ರಬಂಧವನ್ನು ಬರೆದ ವೆಲ್ಸನ ವಿಚಾರದಿಂದ ತಿಳಿದುಬಂದಿತು. ಗಾಳಿ ಬೀಸಿದ ರಾತ್ರಿ ಮಂಜುಗಡ್ಡೆಯು ಕಟ್ಟದಿದ್ದುದಕ್ಕೂ ಇದೇ ಸಮಾಧಾನ.

3

ಕಾರಣದ ಶೋಧನೆಯು ಸ್ಕಾಟ್ಲೆಂಡಿನಲ್ಲಿಯೂ ಇಂಗ್ಲೆಂಡಿನಲ್ಲಿಯೂ ಏಕಕಾಲದಲ್ಲೆಂಬಂತೆ ನಡೆಯಿತು. ವಿಲಿಯಂ ಕಲೆನ್ ಎಂಬ ವೈದ್ಯನು ದ್ರವಗಳು ಆವಿಯಾಗುವಾಗ ಹುಟ್ಟುವ ಶೈತ್ಯವನ್ನು ಕುರಿತು 1756ರಲ್ಲಿ ಪ್ರಬಂಧವನ್ನು ಪ್ರಕಟಿಸಿದನು. ಗಾಳಿಯನ್ನು ತೆಗೆದ ಪಾತ್ರೆಯಲ್ಲಿ ಈಥರನ್ನು ಆವಿಯಾಗಿಸಿ ಅವನು ನೀರನ್ನು ಹೆಪ್ಪುಗಟ್ಟಿಸಿದ್ದನು. 1758ರಲ್ಲಿ ಕೇಂಬ್ರಿಡ್ಜಿನಲ್ಲಿ ಬೆಂಜಮಿನ್ ಫ್ರಾಂಕ್ಲಿನನೂ ಜಾನ್ ಹ್ಯಾಡ್ಲಿಯೂ ಉಷ್ಣಮಾಪಕದ ಗುಂಡಿಗೆ ಈಥರನ್ನು ಸವರಿ ತಿದಿಯಿಂದ ಗಾಳಿಯನ್ನು ಊದಿದರು. ಹೀಗೆ ಮತ್ತೆಮತ್ತೆ ಮಾಡಲಾಗಿ ಪಾದರಸವು 65 ಡಿಗ್ರಿ ಫಾರನ್‌ಹೀಟಿನಿಂದ 7 ಡಿಗ್ರಿಗೆ ಇಳಿಯಿತು. ಗುಂಡಿನ ಮೇಲೆ ಮಂಜು ಕಟ್ಟಿತು. ಬೇಸಗೆಯ ಬೆಚ್ಚನೆಯ ದಿನದಲ್ಲಿಯೂ ಮನುಷ್ಯನನ್ನು ಚಳಿಯಿಂದ ಸಾಯಿಸಬಹುದೆಂದು ಫ್ರಾಂಕ್ಲಿನನು ಇದರಿಂದ ಊಹಿಸಿದನು.

ಕಲೆನನ ಶಿಷ್ಯನಾದ ಜೋಸೆಫ್ ಬ್ಲ್ಯಾಕನು 1760ರ ದಶಕದ ಆರಂಭದಲ್ಲಿ ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ಗುಪ್ತೋಷ್ಣದ ಸಿದ್ಧಾಂತವನ್ನು ಬೋಧಿಸಿದನು. ನೀರು ನೀರಾಗಿರುವ ಸ್ಥಿತಿಯಿಂದ ಆವಿಯಾಗುವ ಸ್ಥಿತಿಗೆ ಹೋಗಬೇಕಾದರೆ ಉಷ್ಣಮಾಪಕಕ್ಕೆ ಕಾಣದ ಬಹಳಷ್ಟು ಶಾಖವನ್ನು ನುಂಗುವುದು. ಆ ಶಾಖವನ್ನು ಅದು ಹತ್ತಿರವಿರುವ ವಸ್ತುವಿನಿಂದಲೇ ಕೀಳುವುದು. ಈಗಿನ ಅಳತೆಯಂತೆ ಸಾಧಾರಣವಾದ ಹವೆಯಲ್ಲಿ 1 ಲೀಟರು ನೀರು ಆವಿಯಾಗಿ ಹೋಗುವಾಗ ಕೊಂಡೊಯ್ಯುವ ಶಾಖವು, 58 ಲೀಟರು ನೀರನ್ನು 10 ಡಿಗ್ರಿ ಸೆಂಟಿಗ್ರೇಡಿನಷ್ಟು ತಣಿಸಲು ಸಾಕಾಗುವುದು. ನೀರಿನಂತಹ ಅಗ್ಗದ ಪದಾರ್ಥದಲ್ಲಿ ಇಂತಹ ಔದಾರ್ಯವಿರುವುದರಿಂದಲೇ ಹರವಿಯು ಸಾವಿರಾರು ವರ್ಷ ಬಾಳಿತು.

ಈ ಔದಾರ್ಯಕ್ಕೆ ಒಂದು ಎಲ್ಲೆಯುಂಟು. ಬರ್ಲಿನ್ನಿನ ಆಗಸ್ಟ್ ಎಂಬ ವಿದ್ವಾಂಸನು 1825ರಲ್ಲಿ ಎರಡು ಉಷ್ಣಮಾಪಕಗಳನ್ನು ಪಕ್ಕಪಕ್ಕದಲ್ಲಿಟ್ಟು, ಒಂದರ ಗುಂಡಿಗೆ ಒದ್ದೆಬಟ್ಟೆಯನ್ನು ಸುತ್ತಿ, ಗಾಳಿಯ ತೇವವನ್ನು ಅಳೆಯುವ ಸಾಧನವನ್ನು ಸಿದ್ಧಪಡಿಸಿದನು. ಒದ್ದೆಗುಂಡಿನ ಮಾಪಕವು ತೋರಿಸುವ ಅಂಕಕ್ಕಿಂತ ಕೆಳಗೆ ಯಾವ ಹರವಿಯೂ, ಯಾವ ಗೋಪುರವೂ ನೀರನ್ನು ತಣಿಸಲಾರದು. ಗಾಳಿಯು 40 ಡಿಗ್ರಿಯಷ್ಟು ಬಿಸಿಯಾಗಿದ್ದು ಅದರಲ್ಲಿ ಹಿಡಿಯಬಹುದಾದ ತೇವದ ಐದರಲ್ಲೊಂದು ಪಾಲು ಮಾತ್ರ ಇದ್ದರೆ ಒದ್ದೆಗುಂಡು ಸುಮಾರು 22 ಡಿಗ್ರಿಗೆ ಇಳಿಯುವುದು. ಗಾಳಿಯು 32 ಡಿಗ್ರಿಯೇ ಇದ್ದರೂ ತೇವವು ಐದರಲ್ಲಿ ನಾಲ್ಕು ಪಾಲು ತುಂಬಿದ್ದರೆ ಅದು 29 ಡಿಗ್ರಿಯ ಬಳಿಯಲ್ಲಿಯೇ ನಿಲ್ಲುವುದು. ರಾಯಚೂರಿನ ಉರಿಯಲ್ಲಿ ಹರವಿಯ ನೀರು ತಣ್ಣಗಿರುವುದೂ, ಅಷ್ಟೊಂದು ಬಿಸಿಯಿಲ್ಲದ ಮಂಗಳೂರಿನ ಸೆಕೆಯಲ್ಲಿ ಅದು ಅಷ್ಟಾಗಿ ತಣಿಯದಿರುವುದೂ ಇದರಿಂದಲೇ. ಒಣ ಸೀಮೆಯಲ್ಲಿ ಈ ವಿದ್ಯೆಯು ಹೆಚ್ಚು ಫಲಿಸುವುದು. ಆದರೆ ನೀರು ದುರ್ಲಭವಾಗಿರುವುದೂ ಒಣ ಸೀಮೆಯಲ್ಲಿಯೇ. ಈ ವಿರೋಧವು ಮುಂದಿನ ಚರಿತ್ರೆಯಲ್ಲೆಲ್ಲ ಹಿಂಬಾಲಿಸಿ ಬರುವುದು.

4

ಇಪ್ಪತ್ತನೆಯ ಶತಮಾನದಲ್ಲಿ ತಂಪನ್ನು ಬೇಡುವವರ ಪಂಕ್ತಿಗೆ ಯಂತ್ರಗಳು ಬಂದು ಸೇರಿದುವು. ವಿದ್ಯುತ್ತನ್ನು ಹುಟ್ಟಿಸುವ ಉಗಿಯಂತ್ರದ ಬಿಸಿನೀರನ್ನು ಆರಿಸಲು ನೆದರ್ಲೆಂಡ್ಸಿನ ವಾನ್ ಇಟರ್ಸನ್ ಎಂಬ ಎಂಜಿನಿಯರನು ಡಮರುಗದಂತೆ ನಡು ಸಣ್ಣಗಾದ ಕಾಂಕ್ರೀಟಿನ ಗೋಪುರವನ್ನು ಕಲ್ಪಿಸಿದನು. 1918ರಲ್ಲಿ ಹೀರ್ಲೆನ್ ಬಳಿಯ ಎಮ್ಮಾ ಎಂಬ ಕಲ್ಲಿದ್ದಲ ಗಣಿಯಲ್ಲಿ ಅಂತಹ ಗೋಪುರವು ಎದ್ದಿತು. ಒಳಗೆ ನೀರು ಹನಿಹನಿಯಾಗಿ ಕೆಳಕ್ಕೆ ಬೀಳುವುದು. ಬಿಸಿಯಾಗಿ ಹಗುರವಾದ ಗಾಳಿಯು ಯಾವ ಬೀಸಣಿಗೆಯೂ ಇಲ್ಲದೆ ತಾನಾಗಿ ಮೇಲಕ್ಕೇರುವುದು.

ಗೃಹಸ್ಥರೂ ಹಿಂದೆ ಬೀಳಲಿಲ್ಲ. ಅಮೆರಿಕದ ಅರಿಜೋನಾ ಸಂಸ್ಥಾನವು ಬಳ್ಳಾರಿ ರಾಯಚೂರುಗಳನ್ನು ಮೀರಿಸುವ ಒಣ ಸೀಮೆ. ಅಲ್ಲಿ 1930ರ ದಶಕದಲ್ಲಿ ಜನರು ಮರದ ಚೌಕಟ್ಟಿನಲ್ಲಿ ಮರದ ನಾರನ್ನು ತುಂಬಿ, ನೀರನ್ನು ತೊಟ್ಟಿಕ್ಕಿಸಿ, ಹಿಂದಿನಿಂದ ಬೀಸಣಿಗೆಯನ್ನು ಹಚ್ಚುವ ಕೂಲರುಗಳನ್ನು ತಾವೇ ಮಾಡಿಕೊಳ್ಳುತ್ತಿದ್ದರು. ಅರಿಜೋನಾ ವಿಶ್ವವಿದ್ಯಾನಿಲಯವು ಈ ಕೈಕೆಲಸವನ್ನು ಕೀಳೆಂದು ಬಗೆಯದೆ, ಮಾರ್ಟಿನ್ ಥಾರ್ನ್‌ಬರ್ಗ್ ಮತ್ತು ಪಾಲ್ ಥಾರ್ನ್‌ಬರ್ಗ್ ಎಂಬವರಿಂದ ಒಂದು ಕೈಪಿಡಿಯನ್ನು ಬರೆಯಿಸಿ 1939ರಲ್ಲಿ ಪ್ರಕಟಿಸಿತು. ವಿದ್ಯಾಪೀಠವು ಬಡಗಿಯ ಅಂಗಳಕ್ಕೆ ಇಳಿದ ಇಂತಹ ಉದಾಹರಣೆಗಳು ಸ್ಮರಣೀಯವಾದುವು.

ಇನ್ನು ಗಣಕಯಂತ್ರದ ವಿಷಯ. ಲೆಕ್ಕ ಮಾಡುವ ಯಂತ್ರಕ್ಕೆ ಸೆಕೆಯೇಕೆ ಎಂದು ವಾಚಕರು ಕೇಳಬಹುದು. ಆ ಯಂತ್ರದೊಳಗೆ ನಡೆಯುವ ಪ್ರತಿಯೊಂದು ಎಣಿಕೆಯೂ ವಿದ್ಯುತ್ತಿನ ಒಂದು ಅಲ್ಪ ವ್ಯಯ. ಹೊರಗಿನ ಯಾವ ಭಾರವನ್ನೂ ಎತ್ತದ ಆ ವಿದ್ಯುತ್ತು ಕಡೆಗೆ ಪೂರ್ತಿಯಾಗಿ ಶಾಖವಾಗಿಯೇ ಪರಿಣಮಿಸುವುದು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ ಕಟ್ಟಿ 1946ರ ಫೆಬ್ರವರಿಯಲ್ಲಿ ಲೋಕಕ್ಕೆ ತೋರಿಸಿದ ಎನಿಯಾಕ್ ಎಂಬ ಯಂತ್ರದಲ್ಲಿ ಸುಮಾರು 18,000 ನಿರ್ವಾತ ಕವಾಟಗಳಿದ್ದುವು. ಅದು ಸುಮಾರು 150 ಕಿಲೋವ್ಯಾಟಿನಷ್ಟು ವಿದ್ಯುತ್ತನ್ನು ಸೇವಿಸುತ್ತಿದ್ದಿತು. ಆ ಶಾಖವನ್ನು ಹೊರದೂಡಲು ದೊಡ್ಡ ಗಾಳಿಯಂತ್ರಗಳನ್ನೇ ಇಡಬೇಕಾಗಿತ್ತು.

ಕವಾಟಗಳು ಹೋಗಿ ಟ್ರಾನ್ಸಿಸ್ಟರುಗಳು ಬಂದ ಮೇಲೆ ಯಂತ್ರವು ಕುಗ್ಗಿತು. ಆದರೆ ಬಿಡಿಭಾಗಗಳು ಒತ್ತೊತ್ತಾಗಿ ಸೇರಿದುದರಿಂದ ಶಾಖವು ಸಣ್ಣ ಜಾಗದಲ್ಲಿ ದಟ್ಟವಾಯಿತು. 1960ರ ದಶಕದ ಉತ್ತರಾರ್ಧದಲ್ಲಿ ಐಬಿಎಂ ಸಂಸ್ಥೆಯು ತನ್ನ ಸಿಸ್ಟಮ್ 360ರ 91ನೆಯ ಮಾದರಿಗೆ ನೀರಿನ ತಂಪನ್ನು ಅಳವಡಿಸಿತು. 1980ರಲ್ಲಿ ಹೊರಬಂದ ಅದರ 3081 ಎಂಬ ಯಂತ್ರದಲ್ಲಿ ನೂರಕ್ಕೂ ಹೆಚ್ಚು ಚಿಪ್ಪುಗಳನ್ನು ಒಂದೇ ಕರಂಡಕದಲ್ಲಿಟ್ಟು, ಹೀಲಿಯಂ ವಾಯುವನ್ನು ತುಂಬಿ, ಅದರ ಬೆನ್ನಿಗೆ ತಣ್ಣೀರಿನ ಫಲಕವನ್ನು ಒತ್ತಿದ್ದರು. 1985ರ ಕ್ರೇ-2 ಎಂಬ ಮಹಾಗಣಕದಲ್ಲಿ ವಿದ್ಯುತ್ತನ್ನು ಹರಿಯಗೊಡದ ದ್ರವದಲ್ಲಿ ಯಂತ್ರದ ಅಂಗಗಳನ್ನೇ ಮುಳುಗಿಸಿದರು. ಇಂತಹ ದೊಡ್ಡ ಯಂತ್ರಗಳ ಕಟ್ಟಡಗಳಲ್ಲಿ ಯಂತ್ರವನ್ನು ತಾಗಿ ಬಿಸಿಯಾದ ನೀರಿನ ಶಾಖವನ್ನು ತಂಪುಯಂತ್ರಗಳ ಮೂಲಕ ಸಾಗಿಸಿ, ಸಾಮಾನ್ಯವಾಗಿ ಮಾಳಿಗೆಯ ಮೇಲಿನ ತಂಪುಗೋಪುರದಲ್ಲಿ ಆವಿಯೊಡನೆ ಬಿಟ್ಟುಬಿಡುತ್ತಿದ್ದರು. ಒಳಗೆ ಕೆಲಸ ಮಾಡುವವನಿಗೆ ಗೋಪುರವು ಕಾಣುತ್ತಿರಲಿಲ್ಲ; ಗೋಪುರಕ್ಕೆ ನೀರು ಎಲ್ಲಿಂದ ಬರುವುದೆಂಬುದು ಅದಕ್ಕಿಂತಲೂ ಕಾಣುತ್ತಿರಲಿಲ್ಲ.

5

ಮನೆಯ ಮೇಜಿನ ಮೇಲಿನ ಗಣಕಯಂತ್ರಕ್ಕೆ ಮೊದಮೊದಲು ಈ ಕಷ್ಟವಿರಲಿಲ್ಲ. ಆದರೆ 1990ರ ದಶಕದಲ್ಲಿ ಅದರ ಪ್ರೊಸೆಸರಿನ ವೇಗವು ಹೆಚ್ಚುತ್ತ ಹೋದಂತೆ ಶಾಖವೂ ಹೆಚ್ಚಿತು. 2001ರ ವೇಳೆಗೆ ಹೆಬ್ಬೆರಳಿನ ಉಗುರಿನಷ್ಟು ಅಗಲದ ಸಿಲಿಕಾನಿನ ತುಣುಕು 70 ವ್ಯಾಟಿನಷ್ಟು ಶಾಖವನ್ನು ಸೂಸುತ್ತಿತ್ತು. ಅದರ ಮೇಲಿನ ಲೋಹದ ತಂಪುಫಲಕವನ್ನು ತೆಗೆದರೆ ಕೆಲವೇ ಕ್ಷಣಗಳಲ್ಲಿ ಸುಟ್ಟುಹೋಗುವ ಪ್ರೊಸೆಸರುಗಳೂ ಇದ್ದುವು. 2004ರಲ್ಲಿ 100 ವ್ಯಾಟನ್ನು ಮೀರಿದ ಪ್ರೊಸೆಸರುಗಳು ಪೇಟೆಗೆ ಬಂದುವು. ಇನ್ನೊಂದು ಕಡೆ, ತಯಾರಕರು ಗೊತ್ತುಮಾಡಿದ ವೇಗವನ್ನು ಮೀರಿಸಿ ಯಂತ್ರವನ್ನು ಓಡಿಸುವ ಹವ್ಯಾಸವು ತರುಣರಲ್ಲಿ ಹಬ್ಬಿತು. 1998ರ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರನ್ನು 300 ಮೆಗಾಹರ್ಟ್ಸಿನಿಂದ 450ಕ್ಕೆ ಏರಿಸಿ ಓಡಿಸುವುದು ಅವರಲ್ಲಿ ಪ್ರಸಿದ್ಧವಾಗಿತ್ತು. ವೇಗವನ್ನು ಏರಿಸಿದಷ್ಟೂ ಶಾಖವು ಏರುವುದರಿಂದ ತಂಪನ್ನು ಹುಡುಕುವುದು ಅನಿವಾರ್ಯವಾಯಿತು.

ಮೊದಲು ಅವರು ಹಳೆಯ ಮೋಟಾರುಕಾರಿನ ಒಳಗನ್ನು ಬೆಚ್ಚಗಿಡುವ ಸಣ್ಣ ರೇಡಿಯೇಟರನ್ನೂ ಮೀನುತೊಟ್ಟಿಯ ಪಂಪನ್ನೂ ಕೂಡಿಸಿ ನೀರಿನ ಸುತ್ತನ್ನು ಕಟ್ಟಿದರು. ಪ್ರೊಸೆಸರಿನ ಮೇಲೆ ಟೊಳ್ಳಾದ ತಾಮ್ರದ ಗಟ್ಟಿಯನ್ನು ಒತ್ತಿ ಅದರೊಳಗೆ ನೀರನ್ನು ಹರಿಸುವರು. ಬಿಸಿಯಾದ ನೀರು ರೇಡಿಯೇಟರಿನಲ್ಲಿ ಆರುವುದು. ಆದರೆ ರೇಡಿಯೇಟರು ಎಷ್ಟೇ ದೊಡ್ಡದಾದರೂ ನೀರನ್ನು ಕೊಠಡಿಯ ಗಾಳಿಗಿಂತ ತಂಪುಮಾಡಲಾರದು. ಈ ಎಲ್ಲೆಯನ್ನು ದಾಟಬೇಕೆಂದವರು ಗೊತ್ತಿದ್ದೋ ಗೊತ್ತಿಲ್ಲದೆಯೋ ಹರವಿಯ ಕಡೆಗೆ ತಿರುಗಿದರು.

ಅವರ ಗೋಪುರದ ರಚನೆಯು ಸರಳವಾದುದು. ನಾಲ್ಕು ಅಥವಾ ಆರು ಅಂಗುಲ ಅಗಲದ, ಐದಾರು ಅಡಿ ಉದ್ದದ ಪಿವಿಸಿ ಕೊಳವೆಯನ್ನು ಬಕೆಟ್ಟಿನ ಮೇಲೆ ನೆಟ್ಟಗೆ ನಿಲ್ಲಿಸುವರು. ಕೊಳವೆಯ ತುದಿಯಲ್ಲಿ ಸ್ನಾನದ ಮನೆಯ ಷವರನ್ನು ಕೆಳಮುಖವಾಗಿ ಕಟ್ಟುವರು. ಬುಡದ ಸಮೀಪದಲ್ಲಿ ಪಕ್ಕಕ್ಕೆ ಒಂದು ಕವಲನ್ನು ಜೋಡಿಸಿ ಬೀಸಣಿಗೆಯನ್ನು ಹಚ್ಚುವರು. ಪ್ರೊಸೆಸರಿನಿಂದ ಬೆಚ್ಚಗಾಗಿ ಬಂದ ನೀರು ಷವರಿನಿಂದ ತುಂತುರಾಗಿ ಬೀಳುವುದು. ಬೀಸಣಿಗೆಯ ಗಾಳಿಯು ಅದಕ್ಕೆ ಎದುರಾಗಿ ಮೇಲಕ್ಕೇರುವುದು. ಬೀಳುವ ಹನಿಯು ತನ್ನ ಒಂದು ಅಲ್ಪಾಂಶವನ್ನು ಗಾಳಿಗೆ ಒಪ್ಪಿಸಿ, ತಣಿದು ಬಕೆಟ್ಟನ್ನು ಸೇರುವುದು. ಪಂಪು ಅದನ್ನು ಮತ್ತೆ ಪ್ರೊಸೆಸರಿನ ಕಡೆಗೆ ಕಳುಹಿಸುವುದು. ಆಕಾರದಲ್ಲಿಯೂ ಗುಳುಗುಳು ಶಬ್ದದಲ್ಲಿಯೂ ಗುಡಿಗುಡಿಯನ್ನು ನೆನಪಿಗೆ ತರುವ ಈ ಸಾಧನಕ್ಕೆ, ನೀರಿನ ಮೂಲಕ ಹೊಗೆ ಸೇದುವ 'ಬಾಂಗ್' ಎಂಬ ಕೊಳವೆಯ ಹೆಸರನ್ನೇ ಅವರು ಪರಿಹಾಸವಾಗಿ ಇಟ್ಟರು. ವಾನ್ ಇಟರ್ಸನನ ಗೋಪುರವೂ ಸುಶ್ರುತನ ನೆಲುವೂ ಕೊಠಡಿಯ ಮೂಲೆಯಲ್ಲಿ ಹೀಗೆ ಒಂದಾದುವು.

ಇದರಲ್ಲಿ ಒಂದು ಸೊಗಸು ಅಡಗಿದೆ. ಮಂಜುಗಡ್ಡೆಯಿಂದಲೋ ತಂಪುಪೆಟ್ಟಿಗೆಯ ಯಂತ್ರದಿಂದಲೋ ಅತಿಯಾಗಿ ತಣಿಸಿದರೆ ಯಂತ್ರದ ಮೈಮೇಲೆ ಇಬ್ಬನಿಯು ಕೂತು ವಿದ್ಯುತ್ತಿನ ದಾರಿ ಕೆಡುವುದು. ಬಾಷ್ಪೀಭವನದಿಂದ ತಣಿದ ನೀರಾದರೋ ಒದ್ದೆಗುಂಡಿನ ಎಲ್ಲೆಯನ್ನು ದಾಟದು; ಆ ಎಲ್ಲೆಯು ಇಬ್ಬನಿ ಕೂರುವ ಅಂಕಕ್ಕಿಂತ ಕೆಳಗೆ ಎಂದಿಗೂ ಹೋಗದು. ಆದುದರಿಂದ ಯಂತ್ರವು ಒಣಗಿಯೇ ಇರುವುದು. ಪ್ರಕೃತಿಯು ವಿಧಿಸಿದ ಮಿತಿಯೇ ಇಲ್ಲಿ ರಕ್ಷೆಯಾಯಿತು.

ತೊಡಕುಗಳೂ ಕಡಮೆಯಲ್ಲ. ಮುಚ್ಚಿದ ಕೊಠಡಿಯಲ್ಲಿ ಗೋಪುರವನ್ನಿಟ್ಟರೆ ಅದರ ಆವಿಯೇ ಗಾಳಿಯನ್ನು ತೇವಗೊಳಿಸಿ ತಂಪು ಕುಂದುವುದು, ಕಿಟಕಿಯು ತೆರೆದಿರಬೇಕು. ಗಾಳಿಯ ಧೂಳನ್ನೆಲ್ಲ ತುಂತುರು ತೊಳೆದು ಬಕೆಟ್ಟಿಗೆ ತರುವುದು. ಪಾಚಿಯು ಬೆಳೆದು ಕಿರುಗಾಲುವೆಗಳನ್ನು ಕಟ್ಟುವುದು. ನೀರು ಹೋದರೂ ಅದರಲ್ಲಿದ್ದ ಉಪ್ಪು ಹೋಗದು. ಹಳೆಯ ಹರವಿಯ ಹೊರಮೈಮೇಲೆ ಕಟ್ಟುವ ಬಿಳಿಯ ಹೊರಪೇ ತಾಮ್ರದ ಗಟ್ಟಿಯೊಳಗೂ ಕಟ್ಟುವುದು. ತಾಮ್ರವನ್ನೂ ಅಲ್ಯುಮಿನಿಯಮ್ಮನ್ನೂ ಒಂದೇ ನೀರಿನ ಸುತ್ತಿನಲ್ಲಿ ಬೆರಸಿದರೆ ಎರಡನೆಯದು ಸವೆದುಹೋಗುವುದು. ಇವೆಲ್ಲಕ್ಕಿಂತ ಮುಖ್ಯವಾದುದು ನೀರಿನ ಶುಚಿತ್ವ. 1976ರ ಜುಲೈ ತಿಂಗಳಲ್ಲಿ ಫಿಲಡೆಲ್ಫಿಯಾ ನಗರದ ಹೋಟೆಲೊಂದರಲ್ಲಿ ಸೇರಿದ್ದ ಮಾಜಿ ಸೈನಿಕರ ಸಮ್ಮೇಳನದ ಸಂದರ್ಭದಲ್ಲಿ 200ಕ್ಕೂ ಹೆಚ್ಚು ಮಂದಿ ಶ್ವಾಸಕೋಶದ ಜ್ವರಕ್ಕೆ ಗುರಿಯಾಗಿ, 34 ಮಂದಿ ಮೃತರಾದರು. ಅದಕ್ಕೆ ಕಾರಣವಾದ ರೋಗಾಣುವನ್ನು ಮರುವರ್ಷ ಗುರುತಿಸಿದರು. ಅದು ನಿಂತ ಬೆಚ್ಚನೆಯ ನೀರಿನಲ್ಲಿ ಬೆಳೆದು ತುಂತುರಿನ ಮೂಲಕ ಹರಡುವುದೆಂದು ತಿಳಿದ ಮೇಲೆ ತಂಪುಗೋಪುರಗಳ ಶುದ್ಧಿಗೆ ಕಟ್ಟುನಿಟ್ಟಾದ ನಿಯಮಗಳು ಹುಟ್ಟಿದುವು. ಮನೆಯ ಬಕೆಟ್ಟಿಗೂ ಆ ಎಚ್ಚರಿಕೆಯು ಸಲ್ಲುವುದು.

ಈ ಗೋಪುರವು ಎಷ್ಟು ನೀರನ್ನು ಕುಡಿಯುವುದು? ಗಣಿತವು ಸುಲಭವಾಗಿದೆ. 100 ವ್ಯಾಟಿನ ಶಾಖವನ್ನು ಪೂರ್ತಿಯಾಗಿ ಆವಿಯಿಂದಲೇ ಹೊರಹಾಕಬೇಕಾದರೆ ದಿನವೊಂದಕ್ಕೆ ಸುಮಾರು ಮೂರೂವರೆ ಲೀಟರು ನೀರು ಬೇಕು. ಬೇಸಗೆಯಲ್ಲಿ ಒಬ್ಬ ಮನುಷ್ಯನು ಕುಡಿಯುವಷ್ಟೇ ಎನ್ನಬಹುದು. ಗೋಪುರವನ್ನು ಕಟ್ಟಿದವನು ದಿನವೂ ಬಕೆಟ್ಟನ್ನು ನೋಡಿ, ಇಳಿದುದನ್ನು ತಾನೇ ತುಂಬಬೇಕು. ಹಲವರು ಕೆಲವು ತಿಂಗಳಲ್ಲಿಯೇ ಈ ಕೆಲಸಕ್ಕೆ ಬೇಸತ್ತು ರೇಡಿಯೇಟರಿಗೆ ಮರಳಿದರು. ಆದರೆ ತಂಪನ್ನು ಅನುಭವಿಸುವವನೂ ನೀರನ್ನು ಹೊರುವವನೂ ಒಬ್ಬನೇ ಆದುದು ಹರವಿಯ ತರುವಾಯ ಈ ಗೋಪುರದಲ್ಲಿಯೇ ಎಂಬುದು ಗಮನಿಸತಕ್ಕ ಅಂಶ.

6

ಇತ್ತ ದೊಡ್ಡ ಗಣಕಶಾಲೆಗಳ ಮಾತೇ ಬೇರೆ. ಜನರು ತಮ್ಮ ಪತ್ರ, ಚಿತ್ರ, ಲೆಕ್ಕಪತ್ರಗಳನ್ನೆಲ್ಲ ದೂರದ ಯಂತ್ರಗಳಿಗೆ ಒಪ್ಪಿಸತೊಡಗಿದ ಮೇಲೆ ಸಾವಿರಗಟ್ಟಲೆ ಗಣಕಗಳನ್ನು ಒಂದೇ ಸೂರಿನ ಕೆಳಗೆ ಇಡುವ ಡೇಟಾ ಸೆಂಟರುಗಳು ಎದ್ದುವು. ಮೇಲಿನ ಲೆಕ್ಕವನ್ನೇ ಬೆಳೆಸಿದರೆ, 1 ಮೆಗಾವ್ಯಾಟ್ ಶಾಖವನ್ನು ಆವಿಯಿಂದ ಕಳೆಯಲು ದಿನಕ್ಕೆ ಸುಮಾರು 35,000 ಲೀಟರು ನೀರು ಬೇಕು. ಇಂತಹ ಶಾಲೆಗಳು ಹತ್ತಾರು ಮೆಗಾವ್ಯಾಟುಗಳನ್ನು ಸೇವಿಸುವುದು ಸಾಮಾನ್ಯ. ಆವಿಯ ತಂಪು ವಿದ್ಯುತ್ತನ್ನು ಉಳಿಸುವುದರಿಂದ ಹಲವು ಸಂಸ್ಥೆಗಳು ಅದನ್ನೇ ಆರಿಸಿಕೊಂಡುವು.

ಅಮೆರಿಕದ ಆರೆಗನ್ ಸಂಸ್ಥಾನದಲ್ಲಿ ಕೊಲಂಬಿಯಾ ನದಿಯ ದಡದಲ್ಲಿ ದ ಡ್ಯಾಲ್ಸ್ ಎಂಬ ಸಣ್ಣ ಪಟ್ಟಣವಿದೆ. ಅಲ್ಲಿ 2006ರಿಂದ ಗೂಗಲ್ ಸಂಸ್ಥೆಯ ಗಣಕಶಾಲೆಯು ನಡೆಯುತ್ತಿದೆ. ಅದು ಎಷ್ಟು ನೀರನ್ನು ಬಳಸುವುದೆಂದು ಪತ್ರಿಕೆಯೊಂದು ಕೇಳಿದಾಗ, ಅದು ವ್ಯಾಪಾರದ ಗುಟ್ಟೆಂದು ಹೇಳಿ ಪಟ್ಟಣದ ಆಡಳಿತವೇ ನ್ಯಾಯಾಲಯಕ್ಕೆ ಹೋಯಿತು. ವ್ಯಾಜ್ಯವು 2022ರ ಡಿಸೆಂಬರಿನಲ್ಲಿ ಮುಗಿದು ಅಂಕಿಗಳು ಹೊರಬಂದುವು. 2021ರಲ್ಲಿ ಆ ಶಾಲೆಯು ಸುಮಾರು 134 ಕೋಟಿ ಲೀಟರು ನೀರನ್ನು ಬಳಸಿತ್ತು. ಪಟ್ಟಣದ ಒಟ್ಟು ಬಳಕೆಯಲ್ಲಿ ಇದು ಕಾಲುಭಾಗಕ್ಕಿಂತ ಹೆಚ್ಚು. ಇಷ್ಟು ನೀರು ಹೋಯಿತೆಂಬುದಕ್ಕಿಂತಲೂ, ಆ ಸಂಗತಿಯನ್ನು ಅದೇ ನಲ್ಲಿಯ ನೀರನ್ನು ಕುಡಿಯುವ ಜನರಿಂದ ಮುಚ್ಚಿಡಲು ಪ್ರಯತ್ನ ನಡೆಯಿತೆಂಬುದು ಹೆಚ್ಚು ಶೋಚನೀಯ. ಥರ್ಮಾಂಟಿಡೋಟಿನ ಕಾಲದ ಭಿಸ್ತಿಯು ಕಿಟಕಿಯ ಹೊರಗಾದರೂ ನಿಂತಿರುತ್ತಿದ್ದನು. ಈ ಹೊಸ ಭಿಸ್ತಿಯು ನೆಲದೊಳಗಿನ ಕೊಳವೆಯಾಗಿ ಕಣ್ಣಿಗೆ ಮರೆಯಾದನು.

ಈ ವಿಚಾರವು ಕನ್ನಡ ನಾಡಿಗೆ ದೂರದ್ದೆಂದು ತಿಳಿಯಬಾರದು. ಬೆಂಗಳೂರು ಗಣಕೋದ್ಯಮದ ರಾಜಧಾನಿ. ಅಲ್ಲಿಯೂ ಡೇಟಾ ಸೆಂಟರುಗಳಿವೆ. ಆ ನಗರಕ್ಕೆ ಕಾವೇರಿಯ ನೀರು ಸುಮಾರು 100 ಕಿಲೋಮೀಟರು ದೂರದಿಂದ, ಹಂತಹಂತವಾಗಿ ಪಂಪುಗಳಿಂದ ಮೇಲಕ್ಕೇರಿಸಲ್ಪಟ್ಟು ಬರುವುದು. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಕುಡಿಯುವ ನೀರಿನಿಂದ ಕಾರು ತೊಳೆಯುವುದನ್ನೂ ಕೈತೋಟಕ್ಕೆ ನೀರು ಹಾಯಿಸುವುದನ್ನೂ ಜಲಮಂಡಲಿಯು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿಗಳ ದಂಡವನ್ನು ವಿಧಿಸಿತು. ಗೃಹಸ್ಥನ ಕೊಡಕ್ಕೆ ಲೆಕ್ಕವಿಟ್ಟ ನಾಡಿನಲ್ಲಿ ಯಂತ್ರದ ಕೊಡಕ್ಕೂ ಲೆಕ್ಕವಿರಬೇಕೆಂದು ಕೇಳುವುದು ನ್ಯಾಯವೇ.

ಉಪಾಯಗಳಿಲ್ಲದೆ ಇಲ್ಲ. ಅಮೆರಿಕದ ಜಾರ್ಜಿಯಾ ಸಂಸ್ಥಾನದ ಡಗ್ಲಸ್ ಕೌಂಟಿಯಲ್ಲಿ ಊರಿನ ಕೊಳಚೆಯನ್ನು ಶುದ್ಧಿಮಾಡಿ ಆ ನೀರನ್ನು ಗಣಕಶಾಲೆಯ ತಂಪಿಗೆ ಬಳಸುವರು. ಫಿನ್ಲೆಂಡಿನ ಹಾಮಿನಾದಲ್ಲಿ ಹಳೆಯ ಕಾಗದದ ಕಾರ್ಖಾನೆಯಲ್ಲಿ 2011ರಲ್ಲಿ ತೆರೆದ ಶಾಲೆಯು ಸಮುದ್ರದ ತಣ್ಣೀರನ್ನು ಹರಿಸಿ ತಣಿಸುವುದು. ತಂಪಿಗಾಗಿ ನೀರನ್ನು ಆವಿಯಾಗಿಸದೆ, ಮುಚ್ಚಿದ ಸುತ್ತಿನಲ್ಲಿಯೇ ತಿರುಗಿಸುವ ರಚನೆಯನ್ನು ಮೈಕ್ರೋಸಾಫ್ಟ್ ಸಂಸ್ಥೆಯು 2024ರಲ್ಲಿ ಪ್ರಕಟಿಸಿತು. ಆದರೆ ಆವಿಯನ್ನು ಬಿಟ್ಟಲ್ಲಿ ಸಾಮಾನ್ಯವಾಗಿ ವಿದ್ಯುತ್ತಿನ ವ್ಯಯವು ಹೆಚ್ಚುವುದು; ಉಗಿಯಿಂದ ಹುಟ್ಟುವ ವಿದ್ಯುತ್ತಿಗೂ ಎಲ್ಲಿಯೋ ಒಂದು ತಂಪುಗೋಪುರವು ನೀರನ್ನು ತೆರುತ್ತಿರುವುದು. ಶಾಖವನ್ನು ನಾಶಮಾಡುವ ವಿದ್ಯೆಯು ಯಾರಿಗೂ ಸಿದ್ಧಿಸಿಲ್ಲ. ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ವಿದ್ಯೆ ಮಾತ್ರ ಸಿದ್ಧಿಸಿದೆ. ಸಾಗಾಣಿಕೆಯ ಕೂಲಿಯನ್ನು ಎಲ್ಲಿ ಕೊಡುವುದು, ಯಾರಿಂದ ಕೊಡಿಸುವುದು ಎಂಬುದಷ್ಟೇ ಮನುಷ್ಯನ ಆಯ್ಕೆ.

ಮಣ್ಣಿನ ಪಾತ್ರೆಯಿಂದ ಮೊದಲಾದ ಈ ಕಥೆಯಲ್ಲಿ ಬಾಷ್ಪೀಭವನದ ನಿಯಮವು ಒಮ್ಮೆಯೂ ಬದಲಾಗಲಿಲ್ಲ. ಬದಲಾದುದು ಬೆಲೆಯ ಕಾಣಿಸುವಿಕೆ. ಹರವಿಯ ಮುಚ್ಚಳವನ್ನು ಎತ್ತಿದ ಗೃಹಿಣಿಗೆ ನೀರು ಎಷ್ಟು ಇಳಿಯಿತೆಂಬುದು ಕಾಣುತ್ತಿತ್ತು. ಕೊಳವೆಯ ಗೋಪುರವನ್ನು ಕಟ್ಟಿದ ತರುಣನಿಗೂ ಬಕೆಟ್ಟಿನಲ್ಲಿ ಅದು ಕಾಣುತ್ತಿತ್ತು. ಅರಮನೆ, ಬಂಗಲೆ, ಗಣಕಶಾಲೆಗಳಲ್ಲಿ ಮಾತ್ರ ಅದು ಕಾಣದೆ ಹೋಯಿತು. ಆ ಮೂಲೆಯ ಹರವಿಯನ್ನು ಸಂಜೆ ತುಂಬಲು ಹೋದವರು ಎಷ್ಟು ಬೆರಳು ನೀರು ಇಳಿದಿದೆಯೆಂದು ಒಂದು ಕ್ಷಣ ನೋಡುವರು. ಅಷ್ಟು ನೋಟವು ದೊಡ್ಡ ಗೋಪುರಗಳನ್ನು ಕಟ್ಟುವವರಿಗೂ ಕಟ್ಟಲು ಅಪ್ಪಣೆ ಕೊಡುವವರಿಗೂ ಇದ್ದರೆ, ಹಳೆಯ ಉಪಾಯವು ಹೊಸ ಯಂತ್ರದಲ್ಲಿಯೂ ಧರ್ಮವಾಗಿ ನಡೆಯುವುದು.